ಅಧ್ಯಕ್ಷರ ಹರಕೆ, ಒಂಬತ್ತನೇ ನಂಬರಿನ ಮಂಡಿ

ಜೆಫೆರಿನೊನ ಎಡಮಂಡಿಗೆ ಆರು ವರ್ಷದಲ್ಲಿ ಎಷ್ಟು ಸೂಜಿ ಬಿದ್ದವೆಂದು ಕಾಬೊ ಸೆಕೊ ಫುಟ್ಬಾಲ್ ಕ್ಲಬ್ಬಿನ ಡಾಕ್ಟರಿಗೂ ನೆನಪಿಲ್ಲ. ನೋವು ಅಡಗುವ ಮದ್ದು ಚುಚ್ಚಿ, ಬೆನ್ನು ತಟ್ಟಿ ಮೈದಾನಕ್ಕೆ ಅಟ್ಟುತ್ತಿದ್ದರು. ಅವನು ಹೋಗಿ ಗೋಲು ಹೊಡೆಯುತ್ತಿದ್ದ. ಹದಿನೇಳಕ್ಕೇ ಆಟಕ್ಕಿಳಿದವನು. ಉತ್ತರದ ದೊಡ್ಡ ಕ್ಲಬ್ಬೊಂದು ಕರೆಸಿಕೊಂಡು ಎರಡು ವರ್ಷ ಬೆಂಚಿನ ಮೇಲೆ ಕೂರಿಸಿತು, ಸೈಪ್ರಸ್ಸಿನವರು ಒಂದು ವರ್ಷ ಆಡಿಸಿ ಬೇಡವೆಂದರು. ಆಮೇಲೆ ಮೀನುಗಾರರ ಈ ಊರಿಗೇ ಮರಳಿ ಒಂಬತ್ತನೇ ನಂಬರಿನ ಅಂಗಿ ತೊಟ್ಟವನು ಬಿಚ್ಚಲೇ ಇಲ್ಲ. ಈಗ ಮೂವತ್ತಾರು. ಇನ್ನೊಂದೇ ವರ್ಷ ಆಡಿ ನಿಲ್ಲಿಸುವ ಆಸೆ. ಅದಕ್ಕೆ ಅವನ ಮಂಡಿ ಉಳಿಯಬೇಕು, ಹೊಸ ಒಪ್ಪಂದಕ್ಕೆ ಅಧ್ಯಕ್ಷರ ಸಹಿ ಬೀಳಬೇಕು.

ಅಧ್ಯಕ್ಷ ಅದೆರಿತೊ ಎರಡಕ್ಕೂ ಗಂಟು ಹಾಕಿದ.

ಮೇ ತಿಂಗಳ ಕೊನೆಯ ಪಂದ್ಯ. ಗೆಲ್ಲದಿದ್ದರೆ ಕ್ಲಬ್ಬು ಕೆಳದರ್ಜೆಗೆ ಬೀಳುತ್ತಿತ್ತು. ಎಂಬತ್ತನೇ ನಿಮಿಷ ದಾಟಿದರೂ ಗೋಲಿಲ್ಲ. ಅದೆರಿತೊ ಗ್ಯಾಲರಿಯಲ್ಲಿ ಎದ್ದು ನಿಂತು, ಊರಿಗೆ ಊರೇ ಕೇಳುವ ಹಾಗೆ ಕೂಗಿದ: "ಫಾತಿಮಾ ಮಾತೆ, ಗೆಲ್ಲಿಸು ತಾಯಿ! ಗೋಲು ಹೊಡೆದವನು ನಿನ್ನ ಇಗರ್ಜಿಯ ಕಲ್ಲುಹಾದಿ ಪೂರಾ ಮಂಡಿಯಲ್ಲೇ ನಡ್ಕೊಂಡು ಬರ್ತಾನೆ!" ಐದು ನಿಮಿಷ ಕಳೆಯುವುದರೊಳಗೆ ಜೆಫೆರಿನೊ ತಲೆ ಕೊಟ್ಟು ಚೆಂಡನ್ನು ಬಲೆಗೆ ನುಗ್ಗಿಸಿದ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗಾಯಿತು. ಬಾಯಿ ಒಬ್ಬನದು, ಮಂಡಿ ಇನ್ನೊಬ್ಬನದು!

ತಾಯಂದಿರು ಹೊತ್ತ ಹರಕೆಯನ್ನು ಮಕ್ಕಳು ತೀರಿಸುವುದು ಇಲ್ಲಿ ಹೊಸದಲ್ಲ. ಆದರೆ ಅದೆರಿತೊ ಯಾರಿಗೆ ತಾಯಿ? ಅದನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಮೀನಿನ ಕಟ್ಟೆಯಲ್ಲಿ, ಕಾಫಿ ಅಂಗಡಿಯಲ್ಲಿ ಒಂದೇ ಹಾಡು: "ಯಾವಾಗ ಹೊರಡ್ತೀಯೋ, ಜೆಫೆ?"

ಅವನು ನೇರ ಅಧ್ಯಕ್ಷರ ಕೋಣೆಗೆ ನುಗ್ಗಿದ.

"ಅಷ್ಟು ದೂರ ಮಂಡಿಯೂರಿದ್ರೆ ಕಾಲು ಮುಗೀತು ಅಂದಿದಾರೆ ಡಾಕ್ಟ್ರು. ಆಮೇಲೆ ಆಡೋದು ಹೆಂಗೆ?"

"ಮೊದ್ಲು ಹರಕೆ ತೀರ್ಸಪ್ಪ, ಆಮೇಲೆ ಸಹಿ ಹಾಕ್ತೀನಿ. ದೇವರಿಗೇ ಕೈಕೊಟ್ಟೋನನ್ನ ತಂಡಕ್ಕೆ ಹೆಂಗೆ ಸೇರಿಸ್ಕೊಳ್ಲಿ?"

"ಹರಕೆ ಹೊತ್ತಿದ್ದು ನೀವು!"

"ಗೋಲು ಹೊಡೆದಿದ್ದು ನೀನು."

ಜೆಫೆರಿನೊ ಬಾಗಿಲು ಬಡಿದ ರಭಸಕ್ಕೆ ಗೋಡೆಯ ಮೇಲಿನ ಟ್ರೋಫಿ ಹಲಗೆ ನಡುಗಿತು. ಮನೆಯಲ್ಲಿ ತಾಯಿ ಫೆಲಿಜ್ಮಿನಾ ಸಾರಿಗೆ ಸೊಪ್ಪು ಹೆಚ್ಚುತ್ತಿದ್ದಳು.

"ಅಮ್ಮ, ನಾನು ಹೋಗಲ್ಲ. ಆ ಬೊಜ್ಜಿನವನ ಬಾಯಿ ಚಪಲಕ್ಕೆ ನನ್ನ ಕಾಲು ಕೊಡಲ್ಲ!"

"ಯಾರು ಹೊತ್ರೇನು ಮಗನೇ, ತೀರದಿದ್ರೆ ನಿನ್ನ ತಲೆಗೇ ಸುತ್ತಿಕೊಳ್ಳುತ್ತೆ," ಎಂದಳು ಆಕೆ. ಅವನು ಊಟ ಬಿಟ್ಟು ಎದ್ದು ಹೋದ. ಆಕೆ ಮತ್ತೆ ಆ ಮಾತೆತ್ತಲಿಲ್ಲ.

ಭಾನುವಾರ ಕಡಲ ದಂಡೆಯಲ್ಲಿ ಓಡಿ ಬಂದರೆ ಮನೆಗೆ ಬೀಗ. ಪಕ್ಕದ ಮನೆಯ ಇದಾಲಿನಾ ಕಿಟಕಿಯಿಂದ ತಲೆ ಹಾಕಿದಳು. "ನಿಮ್ಮಮ್ಮ ಬೆಳಿಗ್ಗೇನೇ ಕ್ಲಬ್ಬಿನ ಬಸ್ಸು ಹತ್ತಿದ್ರಲ್ಲೋ! ನಿನ್ನ ಬದಲು ತಾನೇ ತೀರಿಸ್ತೀನಿ ಅಂತ ಫಾತಿಮಾಕ್ಕೆ ಹೋದ್ರು."

ಅವನು ಕಾರು ಓಡಿಸಿದ್ದೋ, ಸಿಟ್ಟೇ ಓಡಿಸಿದ್ದೋ. ಫಾತಿಮಾದ ಆ ನುಣುಪು ಕಲ್ಲಿನ ಹಾದಿಯಲ್ಲಿ ಎಪ್ಪತ್ತೊಂದು ವರ್ಷದ ತಾಯಿ ಮಂಡಿಯಲ್ಲಿ ತೆವಳುತ್ತಿದ್ದಳು. ಪಕ್ಕದಲ್ಲಿ ಅದೆರಿತೊ, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಮೇಣದಬತ್ತಿ, ನೆಟ್ಟಗೆ ನಡೆಯುತ್ತ ಫೋಟೊದವನ ಕಡೆ ಮುಖ ಕೊಟ್ಟಿದ್ದ. ಹಿಂದೆ ಊರಿನ ಜನ.

"ಏಳಮ್ಮ."

"ಅರ್ಧ ಆಯ್ತು ಕಣೋ..."

ಅವನು ಆಕೆಯನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದ. ತಿರುಗಿದ.

"ನಿಮ್ಮ ಮಂಡಿಗೆ ಎಷ್ಟು ಸೂಜಿ ಬಿದ್ದಿದೆ, ಪ್ರೆಸಿಡೆಂಟ್ರೇ?"

"ಜೆಫೆ, ಇದು ಪುಣ್ಯಸ್ಥಳ. ಮೆಲ್ಲಗೆ ಮಾತಾಡು."

"ಒಂದೂ ಬಿದ್ದಿಲ್ಲ! ಹೊಚ್ಚ ಹೊಸದಾಗೇ ಇವೆ. ಮಂಡಿ ಊರಿ!"

"ಹಂಗಾದ್ರೆ ಸಹಿ ಮರೆತುಬಿಡು."

"ಮರೆತೆ. ಊರಿ ಅಂದೆ!"

ಹತ್ತೊಂಬತ್ತು ವರ್ಷದ ಆಟ ಆ ಒಂದು ಮಾತಿಗೆ ಮುಗಿಯಿತೆಂದು ಅವನಿಗೆ ಗೊತ್ತಿತ್ತು. ಆದರೂ ಕಣ್ಣು ತಗ್ಗಿಸಲಿಲ್ಲ. ತಿಂಗಳಿಡೀ ಅವನನ್ನು ಕೆಣಕಿದ ಜನ ಈಗ ಅದೆರಿತೊನ ಇಸ್ತ್ರಿ ಪ್ಯಾಂಟನ್ನೇ ನೋಡುತ್ತಿದ್ದರು.

ಫೆಲಿಜ್ಮಿನಾ ನಿಧಾನವಾಗಿ ಮಂಡಿಗೆ ಕಟ್ಟಿದ್ದ ಮೆತ್ತೆಗಳನ್ನು ಬಿಚ್ಚಿದಳು. ಮಗನ ಹಳೆಯ ಒಂಬತ್ತನೇ ನಂಬರಿನ ಅಂಗಿ ಹರಿದು, ಉಣ್ಣೆ ತುಂಬಿ ತಾನೇ ಹೊಲಿದದ್ದು. ಅವನ್ನು ಅಧ್ಯಕ್ಷರ ಮುಂದೆ ಚಾಚಿದಳು.

"ತಗೊಳ್ಳಿ ಸ್ವಾಮಿ, ಕಟ್ಕೊಳ್ಳಿ. ಇನ್ನೂ ಅರ್ಧ ದಾರಿ ಇದೆ."