ಕಾಯ್ಚೋ-ಸಾನ್ ಒತ್ತದ ಮುದ್ರೆ

ಆಕೆಯ ಹೆಬ್ಬೆರಳು ಸದಾ ಕೆಂಪಗಿರುತ್ತಿತ್ತು. ಮೊದಲ ಸಲ ನೋಡಿದಾಗ ಕುಂಕುಮ ಅಂದುಕೊಂಡೆ. ಅದು ಮಸಿ. ಇಲ್ಲಿ ಜಪಾನಿನಲ್ಲಿ ಸಹಿಗೆ ಬದಲು ಹೆಸರಿನ ಮುದ್ರೆ ಒತ್ತುತ್ತಾರೆ. ಕಾವಾಸಾಕಿಯ ನಮ್ಮ ಬೀದಿಯ ಸಂಘಕ್ಕೆ ಆಕೆ ಅಧ್ಯಕ್ಷೆ. ಅದಕ್ಕೇ ಎಲ್ಲರೂ ಕಾಯ್ಚೋ-ಸಾನ್ ಎನ್ನುತ್ತಿದ್ದರು.

ಮಗಳ ಬಾಡಿಗೆ ಮನೆಯ ಎದುರಿಗೇ ಆಕೆಯ ಮೂಲೆಮನೆ, ಅದರಾಚೆ ರೈಲು ನಿಲ್ದಾಣ. ನಾನು ಬಾಲ್ಕನಿಯಲ್ಲಿ ಒಣಹಾಕಿದ ಸಂಡಿಗೆಯನ್ನು ಕಾಗೆಗಳು ಬೀದಿ ತುಂಬ ಚೆಲ್ಲಾಡಿದವು. ಆಕೆ ಬೈಯಲು ಬಂದಳು. ಕರಿದ ಸಂಡಿಗೆ ಕೊಟ್ಟೆ. ತಿಂದು ಹೋದವಳು ಮರುದಿನ, ಕಾಗೆ ಕೆದಕದಂತೆ ಕಸದ ಚೀಲಗಳಿಗೆ ಹೊದಿಸುವಂಥ ಹಸಿರು ಬಲೆ, ಹೊಸದು, ತಂದು ತಾನೇ ಕಟ್ಟಿದಳು. ಅಂದಿನಿಂದ ಆಕೆಗೆ ನಾನು ಸಂಡಿಗೆ-ಸಾನ್.

ಬಿಸಿಲೆಂದರೆ ಇಬ್ಬರಿಗೂ ಪ್ರಾಣ. ಆಕೆ ಹಾಸಿಗೆ ಬಡಿಯುತ್ತಿದ್ದಳು, ನಾನು ಸಂಡಿಗೆ ತಿರುವುತ್ತಿದ್ದೆ.

ಆಮೇಲೆ ಸರ್ಕಾರದ ಹೊಸ ನಿಯಮ ಬಂತು. ನಿಲ್ದಾಣದ ಸುತ್ತ ಎತ್ತರದ ಕಟ್ಟಡ ಬರಲಿ, ಹೆಚ್ಚು ಜನಕ್ಕೆ ಮನೆ ಸಿಗಲಿ ಎಂದು. ಬೇಡವೆಂದು ಬೀದಿಯ ಮಾಲೀಕರು ಒಪ್ಪಂದ ಮಾಡಿಕೊಂಡರೆ, ಮುದ್ರೆ ಒತ್ತಿದ ಮನೆಗಳಿಗೆ ವಿನಾಯಿತಿ. ಅಲ್ಲಿ ಎರಡೇ ಅಂತಸ್ತು. ಕಾಯ್ಚೋ-ಸಾನ್ ಮನೆಮನೆ ತಿರುಗಿದಳು. ನಮ್ಮ ಮನೆಯ ಮಾಲೀಕ ಹಿಂದೆಮುಂದೆ ನೋಡಿದಾಗ, "ಈ ಅಜ್ಜಿಯ ಬಿಸಿಲು ಕಿತ್ಕೋತೀಯಾ?" ಎಂದು ಗದರಿಸಿ ಒಪ್ಪಿಸಿದಳು.

ಕೊನೆಯ ಸಭೆಗೆ ನಾನೂ ಹೋದೆ, ಅವರ ಮಾತು ತಿಳಿಸಲು ಮೊಮ್ಮಗಳನ್ನು ಕರೆದುಕೊಂಡು. ಎಲ್ಲರೂ ಮುದ್ರೆ ಒತ್ತಿದರು. ಆಕೆಯದೊಂದೇ ಬಾಕಿ. ಆಕೆ ತನ್ನ ಮುದ್ರೆಯನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಎದ್ದು ಬಾಗಿದಳು. ಏನೋ ಹೇಳಿದಳು. ಪಕ್ಕದ ಮುದುಕ ತಮಾಷೆಯೆಂದು ನಕ್ಕು, ನಗು ನಿಲ್ಲಿಸಿದ.

"ಅಜ್ಜಿ, ಅವ್ರು ಒತ್ತಲ್ವಂತೆ," ಎಂದಳು ಮೊಮ್ಮಗಳು.

"ಏನೇ ಅಂದೆ?"

"ಅವ್ರ ಮನೆ ಜಾಗದಲ್ಲಿ ಬಿಲ್ಡಿಂಗ್ ಬರುತ್ತಂತೆ. ಸೆವೆನ್ ಫ್ಲೋರ್ಸ್."

ಎಲ್ಲರ ಕೈಲೂ ಒತ್ತಿಸಿದವಳು ಇವಳೇ ತಾನೇ? ಬಾಗಿಲಲ್ಲಿ ತಡೆದೆ. "ಯಾಕಂತೆ, ಕೇಳೇ."

ಹಾಸಿಗೆ ಹಿಡಿದ ಆಕೆಯ ಗಂಡನಿಗೆ ಸ್ನಾನ ಮಾಡಿಸಲು ಒಬ್ಬ ಹುಡುಗಿ ದೂರದಿಂದ ರೈಲಿನಲ್ಲಿ ಬರುತ್ತಿದ್ದಳು. ಮೊಮ್ಮಗಳು ಕೇಳಿ ಹೇಳಿದಳು: "ಆ ಅಕ್ಕ ನಿನ್ನೆ ಬಾತ್‌ರೂಮಲ್ಲಿ ನಿಂತ್ಕೊಂಡೇ ನಿದ್ದೆ ಮಾಡ್ಬಿಟ್ಳಂತೆ. ತಾತ ಜಾರಿದ್ರಂತೆ. ಇಲ್ಲಿ ಅವಳಿಗೆ ಮನೆನೇ ಸಿಗಲ್ವಂತೆ, ಬಿಲ್ಡಿಂಗ್ ಬಂದ್ರೆ ಸಿಗುತ್ತಂತೆ. ಅವ್ರು ಸಾರಿ ಅಂತಿದಾರೆ ಅಜ್ಜಿ, ನಿಮ್ಮ ಬಿಸಿಲಿಗೆ."

"ಅವಳ ಸಾರಿ ಅವಳೇ ಒಣಗಿಸಿಕೊಳ್ಳಲಿ," ಎಂದು ಬಂದೆ. ಬಲೆ ಬಿಚ್ಚಿ ಆಕೆಯ ಬಾಗಿಲಿಗೆ ಸಿಕ್ಕಿಸಿದೆ. ಮತ್ತೆ ಮಾತಾಡಲಿಲ್ಲ.

ಆಕೆಯ ಗಂಡ ತೀರಿಕೊಂಡ. ಮನೆ ಒಡೆದರು. ಕಟ್ಟಡ ಏಳುತ್ತಿರುವಾಗಲೇ ಆಕೆಯೂ ಹೋದಳು. ನಮ್ಮ ಬಾಲ್ಕನಿಗೆ ನೆರಳು ಬಿತ್ತು. ಸಂಡಿಗೆ ಮಾಡುವುದು ಬಿಟ್ಟೆ.

ಮೊನ್ನೆ ಆ ಹುಡುಗಿ ಬಂದು ಬಾಗಿಲು ತಟ್ಟಿದಳು. ಈಗ ಅವಳ ಮನೆ ಅದೇ ಕಟ್ಟಡದಲ್ಲಿ. ಕೈ ಹಿಡಿದು ಲಿಫ್ಟ್ ಹತ್ತಿಸಿದಳು. ತಾರಸಿಯಲ್ಲಿ ಕಣ್ಣು ಚುಚ್ಚುವ ಬಿಸಿಲು. ಒಂದು ಮೂಲೆಯಲ್ಲಿ ನಾಲ್ಕು ಕಂಬ, ನನ್ನ ಎದೆಯೆತ್ತರಕ್ಕೆ, ಅವಕ್ಕೆ ಬಿಗಿದ ಅದೇ ಹಸಿರು ಬಲೆ. ಕಟ್ಟುವವರಿಗೆ ಕಾಯ್ಚೋ-ಸಾನ್ ಮೊದಲೇ ಹೇಳಿಟ್ಟಿದ್ದಳಂತೆ.

"ಸಂಡಿಗೆ-ಸಾನ್," ಎಂದಳು ಹುಡುಗಿ, ಬಲೆ ತೋರಿಸಿ.

ಮನೆಗೆ ಬಂದು ಅಕ್ಕಿ ನೆನೆಹಾಕಿದೆ.