ಹಿಂದಿನ ಸಾಲಿಗೂ ಕೇಳಬೇಕು

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಅವಳ ಟೀಚರ್‌ರಿಂದ ಒಂದು ಇಮೇಲ್ ಬಂತು. ಪಾಠದ ಕಡೆ ಗಮನವಿಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಾಳೆ ಎಂದು ಬರೆದಿದ್ದರು. ನಾನು ಗದರಿದೆ, ಒಂದು ವಾರ ಐಪ್ಯಾಡ್ ಎತ್ತಿಟ್ಟೆ.

"ಅಮ್ಮಾ, ಐ ಆಮ್ ಲಿಸನಿಂಗ್. ಐ ಜಸ್ಟ್ ಕಾಂಟ್ ಹಿಯರ್," ಎಂದಳು.

ಆಸ್ಟ್ರೇಲಿಯಾದ ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದೇ ನನ್ನ ಕೆಲಸ. ಅವಳ ಕಿವಿಯನ್ನೂ ನಾನೇ ಪರೀಕ್ಷಿಸಿದ್ದೆ, ಯಾವ ದೋಷವೂ ಇರಲಿಲ್ಲ. ಹಾಗಾಗಿ ನೆಪ ಹೇಳುತ್ತಿದ್ದಾಳೆ ಎಂದೇ ತಿಳಿದೆ.

ಎರಡು ವಾರದ ನಂತರ, ಮಕ್ಕಳಿಂದ ಓದಿಸಲು ಪೋಷಕರು ಬೇಕೆಂದು ಶಾಲೆಯವರು ಕೇಳಿದಾಗ ಒಂದು ಬೆಳಿಗ್ಗೆ ರಜೆ ಹಾಕಿ ಹೋದೆ. ನಮ್ಮ ಸದರ್ನ್ ರಿವರ್ ಬಡಾವಣೆಯಲ್ಲಿ ಹೊಸ ಮನೆಗಳು ಏಳುವ ವೇಗಕ್ಕೆ ಶಾಲೆಯ ಕಟ್ಟಡ ಸಾಲದೆ, ಲಾರಿಯಲ್ಲಿ ತಂದು ಇಳಿಸಿದ ತಾತ್ಕಾಲಿಕ ಕೋಣೆಯಲ್ಲಿ ಇವರ ತರಗತಿ ನಡೆಯುತ್ತಿತ್ತು. ಹೊರಗೆ ಸುಡುವ ಬಿಸಿಲು. ಒಳಗೆ ಹಳೆಯ ಏಸಿ ಗಡಗಡ ಎನ್ನುತ್ತಿತ್ತು. ಮಗಳ ಪಕ್ಕ, ಹಿಂದಿನ ಸಾಲಿನಲ್ಲಿ ಕೂತೆ. ಟೀಚರ್ ಗಂಟಲು ಹರಿಯುವಂತೆ ಮಾತಾಡುತ್ತಿದ್ದರು. ನನಗೆ ಅರ್ಧ ಮಾತೂ ಕೇಳಲಿಲ್ಲ.

ಸಂಜೆ ಕಾರಿನಲ್ಲಿ ಮಗಳಿಗೆ, "ತಪ್ಪು ನಂದು ಕಣೇ. ಸಾರಿ," ಎಂದೆ. ಅವಳು "ಇಟ್ಸ್ ಓಕೆ" ಎಂದು ಕಿಟಕಿಯಾಚೆ ನೋಡಿದಳು. ನನಗೆ ಅದು ಓಕೆ ಆಗಿರಲಿಲ್ಲ.

ಅದೇ ತಿಂಗಳು ಶಾಲೆಯ ಬೋರ್ಡಿಗೆ ಪೋಷಕರ ಪ್ರತಿನಿಧಿಯ ಚುನಾವಣೆ ಇತ್ತು. ಇದ್ದದ್ದು ಒಂದೇ ಸ್ಥಾನ. ನಿಲ್ಲುತ್ತೇನೆಂದಾಗ ಗಂಡ ಮೊದಲು ನಕ್ಕರು. ಆಮೇಲೆ ನಾನು ಬರೆದ ಪಟ್ಟಿ ಓದಿದರು: ಊಟದ ಬಿಡುವಿನಲ್ಲೂ ಲೈಬ್ರರಿ ತೆರೆದಿರಬೇಕು, ಆಟದ ಮೈದಾನಕ್ಕೆ ನೆರಳು ಬೇಕು, ಹೊಸದಾಗಿ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು, ಹೀಗೆ ಒಂದು ಪುಟ.

"ಇಷ್ಟೆಲ್ಲ ಹೇಳಿದ್ರೆ ಯಾವುದೂ ನೆನಪಿರಲ್ಲ. ನಿಂಗೆ ನಿದ್ದೆ ಕೆಡಿಸ್ತಿರೋದು ಯಾವುದೋ ಅದನ್ನ ಮಾತ್ರ ಹೇಳು," ಎಂದರು.

ಅಭ್ಯರ್ಥಿಗಳು ಎರಡೆರಡು ನಿಮಿಷ ಮಾತಾಡುವ ಸಭೆಯನ್ನು ಆ ತಾತ್ಕಾಲಿಕ ಕೋಣೆಯಲ್ಲೇ ನಡೆಸಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡೆ. ಅವರು ಒಪ್ಪಿದರು. ನನ್ನ ಎದುರಾಳಿ, ಕಟ್ಟಡದ ಕೆಲಸ ಮುಗಿಸಿ ಕಿತ್ತಳೆ ಅಂಗಿಯಲ್ಲೇ ಬಂದಿದ್ದ ಒಬ್ಬ ಎತ್ತರದ ಅಪ್ಪ. ಮೈದಾನದ ಹುಲ್ಲಿನ ಬಗ್ಗೆ ಚೆನ್ನಾಗಿಯೇ ಮಾತಾಡಿ, ನಗಿಸಿ, ಹಿಂದೆ ಹೋಗಿ ಕೂತರು.

ನನ್ನ ಸರದಿ ಬಂತು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಏಸಿ ಹಾಕಿದೆ. ಆಸ್ಪತ್ರೆಯಲ್ಲಿ ದಿನವೂ ಮಾಡುವಂತೆ, ಮಾಮೂಲಿ ದನಿಯಲ್ಲಿ ಹತ್ತು ಪದ ಓದಿ, ಕೇಳಿಸಿದ್ದನ್ನು ಬರೆಯಿರಿ ಎಂದೆ. ಶಿಪ್, ಫಿಶ್, ಕ್ಯಾಪ್, ಇಂಥವೇ. ನಂತರ ಏಸಿ ನಿಲ್ಲಿಸಿ ಸರಿಯಾದ ಪದಗಳನ್ನು ಓದಿದೆ. ಮುಂದೆ ಕೂತವರಿಗೆ ಹೆಚ್ಚುಕಡಿಮೆ ಎಲ್ಲ ಸರಿ ಬಂದಿತ್ತು. ಕಿತ್ತಳೆ ಅಂಗಿಯವರು ತಮ್ಮ ಹಾಳೆಯನ್ನೇ ನೋಡುತ್ತಿದ್ದರು.

"ನಂಗೆ ಬಂದಿದ್ದು ಮೂರೇ. ನನ್ನ ಮಗ ಕೂರೋದೂ ಇಲ್ಲೇ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

"ಮಕ್ಕಳು ಕೇಳಲ್ಲ ಅಂತ ಬೈಯೋ ಮೊದಲು ಅವರಿಗೆ ಕೇಳಿಸೋ ಹಾಗೆ ಮಾಡೋಣ," ಎಂದಷ್ಟೇ ಹೇಳಿ ಕೂತೆ. ಎರಡು ನಿಮಿಷ ಮುಗಿದಿತ್ತು.

ನಾನು ಗೆದ್ದೆ. ಗೆದ್ದ ಮೇಲೆ ಗೊತ್ತಾಯಿತು, ಬೋರ್ಡಿನವರು ಏನನ್ನೂ ಆಜ್ಞೆ ಮಾಡಿ ಮಾಡಿಸುವ ಹಾಗಿಲ್ಲ. ಮೊದಲು ಯಾವುದು ಆಗಬೇಕೆಂದು ಹೇಳಬಹುದು, ಹೇಳುತ್ತಲೇ ಇರಬಹುದು. ನಾನು ಮೂರು ಸಭೆಗಳಲ್ಲಿ ಅದೇ ಮಾತು ಹೇಳಿದೆ. ಮೂರನೆಯದರಲ್ಲಿ ಪ್ರಿನ್ಸಿಪಾಲರು ಒಂದು ಕೋಣೆಯಿಂದ ಶುರುಮಾಡೋಣ ಎಂದರು. ಸದ್ದಿಲ್ಲದ ಏಸಿ ಬಂತು, ನೆಲಕ್ಕೆ ಕಾರ್ಪೆಟ್ ಬಂತು. ಪೋಷಕರೆಲ್ಲ ಸೇರಿ ಶಾಲೆಯ ಕೆಲಸ ಮಾಡುವ ಒಂದು ಭಾನುವಾರ, ಗೋಡೆಗೆ ಸದ್ದು ಹೀರುವ ದಪ್ಪನೆಯ ಫೆಲ್ಟ್ ಹಲಗೆಗಳನ್ನು ಬಡಿದವರು ನನ್ನ ಎದುರಾಳಿಯೇ. ನಾನು ಏಣಿ ಹಿಡಿದುಕೊಂಡಿದ್ದೆ. ಆ ಟರ್ಮ್ ಮುಗಿಯುವಾಗ ಟೀಚರ್ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, ಈ ಸಲ ಗಂಟಲು ಕೂತಿಲ್ಲ ಎಂದರು. ನಿಮ್ಮ ಮಗಳು ತುಂಬಾ ಪ್ರಶ್ನೆ ಕೇಳುತ್ತಾಳೆ ಎಂದೂ ಹೇಳಿದರು. ಅದು ದೂರಿನ ಮಾತಾಗಿರಲಿಲ್ಲ. ಈಗ ಅಂಥ ನಾಲ್ಕು ಕೋಣೆಗಳಿವೆ.

ಬೋರ್ಡಿನವರ ಹೆಸರುಗಳನ್ನು ಶಾಲೆಯ ಆಫೀಸಿನಲ್ಲಿ ತೂಗುಹಾಕುತ್ತಾರೆ. ನನ್ನದನ್ನು ಹೇಗೆ ಹೇಳುವುದೆಂದು ಅಲ್ಲಿನ ಹೆಂಗಸು ಕೇಳಿದಾಗ, ಹೇಗೆ ಬಂದರೂ ಪರವಾಗಿಲ್ಲ ಎಂದೆ. ಈ ದೇಶಕ್ಕೆ ಬಂದಾಗಿನಿಂದ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೆ. ಮಗಳು ಬ್ಯಾಗ್ ಕೆಳಗಿಟ್ಟು ಕೌಂಟರಿಗೆ ಒರಗಿ ನಿಂತು, ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿಕೊಟ್ಟಳು. ಆಕೆ ಸರಿಯಾಗಿ ಹೇಳುವವರೆಗೂ ಬಿಡಲಿಲ್ಲ.