ಹೆಸರಿಲ್ಲದ ಐದನೆಯ ಮನೆ

ವ್ರಾನ್ಯೆ ಊರಿನ ಇಂಗ್ಲಿಷ್ ಟೀಚರ್ ವುಕೋಸಾವಾಗೆ ಹೆಸರಿಲ್ಲದ್ದು ಏನು ಕಂಡರೂ ಮೈಯುರಿಯುತ್ತದೆ. ಹೊರದೇಶದ ಉತ್ಸವಗಳಿಗೆ ಹೋಗಿ ಊದುವ ಆಸೆ ಹೊತ್ತ ತುತ್ತೂರಿ ಮೇಳದವರೇ ಆಕೆಯ ವಿದ್ಯಾರ್ಥಿಗಳು. ಬಿಳಿಮೀಸೆಯ ಡೋಲಿನಜ್ಜನೂ ಆಕೆಯೆದುರು ಕೈಕಟ್ಟಿ ನಿಂತು 'ಡ್ರಮ್' ಅನ್ನಲೇಬೇಕು. 'ಟ್ರಂಪೆಟ್' ಅನ್ನಲು ತಡವರಿಸಿದವನಿಗೆ, "ಊದೋಕೆ ಬರುತ್ತೆ, ಹೇಳೋಕೆ ಬರಲ್ವೇನಯ್ಯಾ?" ಎಂದು ಮಂಗಳಾರತಿ. ಪಕ್ಕದ ಮನೆಯವನ ಗೊರಕೆಯೂ ಆಕೆಯ ಲೆಕ್ಕದಲ್ಲಿ 'ಬ್ಲೂಸ್'. ಪ್ರತಿ ವರ್ಷ ಬೋರ್ಡಿನ ಮೇಲೆ ಜಾಝ್, ಬ್ಲೂಸ್, ರಾಕ್, ಫೋಕ್ ಎಂದು ಸಂಗೀತದ ಬಗೆಗೊಂದರಂತೆ ನಾಲ್ಕು ಮನೆ ಬರೆದು, ಒಬ್ಬೊಬ್ಬರಿಂದಲೂ ಊದಿಸಿ, ಕೇಳಿದ್ದನ್ನೆಲ್ಲ ಒಂದಲ್ಲ ಒಂದು ಮನೆಗೆ ತಳ್ಳುತ್ತಾಳೆ. ಪಕ್ಕದಲ್ಲಿ ಐದನೆಯದೊಂದು ಖಾಲಿ ಮನೆ ಇರುತ್ತದೆ. ಅದು ಶುರುವಾದದ್ದು ಆಕೆಯ ಅಪ್ಪ ತೀರಿಕೊಂಡ ವರ್ಷ. ತುತ್ತೂರಿಯ ನೆಜಾತ್ ಒಂದು ಧಾಟಿ ಊದಿ ಕೇಳಿದ್ದ: "ಟೀಚರ್, ನಿಮ್ಮಪ್ಪನ ಮದುವೇಲಿ ನಮ್ಮಜ್ಜ ಊದಿದ್ದು ಇದನ್ನೇ. ಹೋದ ತಿಂಗಳು ನಿಮ್ಮಪ್ಪನ ಪೆಟ್ಟಿಗೆ ಹಿಂದೆ ಮಸಣದವರೆಗೂ ನಾನು ಊದ್ಕೊಂಡು ಬಂದಿದ್ದೂ ಇದನ್ನೇ. ಯಾವ ಮನೆಗೆ ಹಾಕ್ತೀರಿ?" ಈಗಲೂ ಹೊಸಬರು ಆ ಮನೆಯ ಹೆಸರು ಕೇಳಿದರೆ ಟೀಚರ್ ಬೈಯುವುದಿಲ್ಲ, ಸೀಮೆಸುಣ್ಣ ಕೆಳಗಿಟ್ಟು ಹಿಂದಿನ ಬೆಂಚಿನತ್ತ ತಿರುಗಿ, "ನೆಜಾತ್, ಊದಪ್ಪ" ಅನ್ನುತ್ತಾಳೆ. ಅವನ ಇಂಗ್ಲಿಷ್ ಈಗ ಎಲ್ಲರಿಗಿಂತ ಚೆನ್ನಾಗಿದೆ. ಆದರೂ ಏಳು ವರ್ಷದಿಂದ ಆಕೆ ಅವನೊಬ್ಬನನ್ನು ಪಾಸು ಮಾಡಿ ಕಳಿಸಿಲ್ಲ.